ಪುಟಕ್ಕೆ ತೂತು ಮಾಡಿ ಮಕ್ಕಳ ಕಣ್ಣು ಓದಿದ್ದು

ಇದೆಲ್ಲಾ ಶುರುವಾಗಿದ್ದು ಟ್ರೈನಲ್ಲಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಅಕ್ಕನ ಮನೆಗೆ ಹೋಗ್ತಿದ್ದೆ, ಎದುರುಗಡೆ ಕಿಟಕಿ ಪಕ್ಕ ಒಬ್ಬರು ಅಜ್ಜಿ ಕೂತು ಹೊರಗೆ ನೋಡ್ತಿದ್ರು, ಮೈಯೆಲ್ಲಾ ಸುಮ್ನಿದೆ ಕಣ್ಣುಗುಡ್ಡೆ ಮಾತ್ರ ಸುಮ್ನಿಲ್ಲ, ಮೆಲ್ಲಗೆ ಒಂದು ಕಡೆ ಜಾರೋದು, ಟಕ್ ಅಂತ ವಾಪಸ್ ಬರೋದು, ಮತ್ತೆ ಜಾರೋದು. ಪಾಪ ಏನೋ ಕಾಯಿಲೆ ಅನ್ಕೊಂಡೆ. ಆಮೇಲೆ ನೋಡಿದ್ರೆ ಅವರ ಪಕ್ಕದಲ್ಲಿದ್ದ ಹುಡುಗಂದೂ ಹಂಗೇ ಆಡ್ತಿದೆ! ಓಡೋ ಕಂಬನ ಕಣ್ಣು ಸ್ವಲ್ಪ ದೂರ ಹಿಂಬಾಲಿಸುತ್ತೆ, ಅದು ತಪ್ಪಿಹೋದ ತಕ್ಷಣ ಮುಂದಿನದಕ್ಕೆ ಹಾರುತ್ತೆ, ಎಲ್ಲರಿಗೂ ಆಗೋದೇ, ಇದಕ್ಕೆ ರೈಲ್ವೆ ನಿಸ್ಟಾಗ್ಮಸ್ ಅಂತ ಹೆಸರೇ ಇದೆ ಅಂತ ಮನೆಗೆ ಬಂದು ಓದ್ಕೊಂಡೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಸ್ಕೂಲಲ್ಲಿ ಟೀಚರ್, ವಿಜ್ಞಾನನೂ ಮಾಡ್ತೀನಿ, ಆಳು ಕಮ್ಮಿ ಅಂತ ಐದನೇ ಕ್ಲಾಸಿನ ಕನ್ನಡನೂ ಮಾಡ್ತೀನಿ. ಆ ಅಜ್ಜಿ ಕಣ್ಣು ನೋಡಿದ ಮೇಲೆ ತಲೆಗೆ ಹುಳ ಹೊಕ್ಕಿತು, ಮಕ್ಕಳು ಓದುವಾಗ ಕಣ್ಣು ಹೆಂಗೆ ಹೋಗುತ್ತೆ?

ಮೊದಲು ನನ್ನ ಕಣ್ಣೇ ನೋಡ್ಕೊಳ್ಳೋಣ ಅಂತ ಕನ್ನಡಿ ಮುಂದೆ ನಿಂತೆ. ಎಡಗಣ್ಣು ನೋಡಿದೆ, ಬಲಗಣ್ಣು ನೋಡಿದೆ, ಹತ್ತು ಸಲ ಮಾಡಿದ್ರೂ ಕಣ್ಣು ಹೊರಳಿದ್ದು ಮಾತ್ರ ಕಾಣ್ಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ನಮ್ಮೆಜಮಾನ್ರು "ಚೆನ್ನಾಗೇ ಹೊರಳ್ತಿದೆ ಕಣೇ" ಅಂತ ನಗ್ತಾರೆ. ಕಣ್ಣು ಹಾರೋ ಆ ಕ್ಷಣದ ಮಸುಕು ಚಿತ್ರನ ಮಿದುಳು ನಮಗೆ ತೋರಿಸೋದೇ ಇಲ್ಲ. ಅದೇ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಕಂಡುಬಿಡುತ್ತೆ, ಯಾಕಂದ್ರೆ ಸ್ಕ್ರೀನ್ ಮೇಲೆ ಚಿತ್ರ ಬರೋದು ಒಂಚೂರು ಲೇಟು, ಅಷ್ಟೊತ್ತಿಗೆ ಕಣ್ಣು ಹಾರಿ ನಿಂತಿರುತ್ತೆ. (ಇದನ್ನ ಕಂಡುಹಿಡಿದಿದ್ದು ನಾನಲ್ಲ, ಏಳನೇ ಕ್ಲಾಸಿನ ಹುಡುಗೀರು.)

ಓದುವಾಗ ಕಣ್ಣು ಸಾಲಿನ ಮೇಲೆ ಇರುವೆ ಥರ ಹರಿದು ಹೋಗುತ್ತೆ ಅಂತಾನೇ ಎಲ್ಲರೂ ಅನ್ಕೊಂಡಿರೋದು, ನಾನೂ ಅನ್ಕೊಂಡಿದ್ದೆ. ಇಲ್ಲ, ಕಪ್ಪೆ ಥರ ಹೋಗೋದು. ನಿಲ್ಲುತ್ತೆ, ಹಾರುತ್ತೆ, ನಿಲ್ಲುತ್ತೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು, ಹಾರೋದಕ್ಕೆ ಅದರ ಎಂಟನೇ ಒಂದು ಭಾಗ ಸಾಕು. ಹಾರಲೇಬೇಕು ಯಾಕಂದ್ರೆ ಕಣ್ಣಿಗೆ ನಿಚ್ಚಳವಾಗಿ ಕಾಣೋ ಜಾಗ ತೀರಾ ಚಿಕ್ಕದು, ಕೈ ನೀಟಿ ಹೆಬ್ಬೆರಳು ಹಿಡಿದ್ರೆ ಹೆಚ್ಚೂಕಮ್ಮಿ ಅದರ ಅಗಲ, ಅಷ್ಟೇ. ಪ್ಯಾರಿಸ್ಸಿನ ಕಣ್ಣಿನ ಡಾಕ್ಟರ್ ಎಮಿಲ್ ಜವಾಲ್ 1870ರ ದಶಕದ ಕೊನೇಲಿ ಓದೋ ಕಣ್ಣಿನ ಬಗ್ಗೆ ಬರೆದ್ರು, ಈ ಹಾರೋದಕ್ಕೆ ಬಂದಿರೋ ಫ್ರೆಂಚ್ ಹೆಸರು ಸಕಾಡ್, ಅಂದ್ರೆ ಕುದುರೆ ಲಗಾಮು ಜಗ್ಗಿದಂಗೆ. ಸಾಲಿನ ಮೇಲರ್ಧ ಕಂಡ್ರೆ ಸಾಕು, ಕೆಳಗರ್ಧ ಮುಚ್ಚಿದ್ರೂ ಓದಬಹುದು ಅಂತಾನೂ ಅವರು ಗಮನಿಸಿದ್ರು. ಅದು ಇಂಗ್ಲಿಷು ಫ್ರೆಂಚಿಗೆ ಸರಿ, ನಾನು ಕನ್ನಡ ಸಾಲಿಗೆ ಸ್ಕೇಲ್ ಇಟ್ಟು ನೋಡಿದೆ, ಕೆಳಗೆ ಮುಚ್ಚಿದ್ರೆ ಒತ್ತಕ್ಷರ ಮಾಯ, ಮೇಲೆ ಮುಚ್ಚಿದ್ರೆ ಗುಣಿಸು ಮಾಯ, ನಮಗೆ ಎರಡೂ ಬೇಕು. ಅಷ್ಟೆಲ್ಲಾ ಮಾಡಿದ ಜವಾಲ್‌ಗೆ ಕೊನೆಗೆ ಗ್ಲಾಕೋಮಾ ಬಂದು ಕಣ್ಣೇ ಹೋಯ್ತಂತೆ.

ಆಗಿನವರು ಅಳೆದ ರೀತಿ ಓದಿದ್ರೆ ನಮ್ಮ ಕಣ್ಣು ಉರಿಯುತ್ತೆ. ಅಮೆರಿಕದ ಎಡ್ಮಂಡ್ ಹ್ಯೂಯಿ ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸಿ, ಕಣ್ಣುಗುಡ್ಡೆ ಮೇಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಟ್ಟಲು ಕೂರಿಸಿ, ಅದಕ್ಕೆ ಕಡ್ಡಿ ಕಟ್ಟಿ ಮಸಿ ಹಿಡಿಸಿದ ಉರುಳೆ ಮೇಲೆ ಗೆರೆ ಎಳೆಸಿದ್ರು. 1901ರಲ್ಲಿ ಡಾಡ್ಜ್ ಮತ್ತೆ ಕ್ಲೈನ್ ಕಣ್ಣಿನ ಮೇಲೆ ಬೀಳೋ ಬೆಳಕಿನ ಪ್ರತಿಬಿಂಬನ ಫೋಟೋ ಹಿಡಿದ ಮೇಲೆ ಈ ಹಿಂಸೆ ಕಮ್ಮಿ ಆಗಿದ್ದು. ಹೆರಿಂಗ್ ಅನ್ನೋರು 1879ರಲ್ಲಿ ರಬ್ಬರ್ ಕೊಳವೆ ರೆಪ್ಪೆ ಮೇಲಿಟ್ಟು ಕಣ್ಣಿನ ಸ್ನಾಯುಗಳ ಸದ್ದನ್ನೇ ಕೇಳಿದ್ರಂತೆ, ನಾನೂ ಸಬ್‌ಸೆಂಟರ್ ಸಿಸ್ಟರ್ ಹತ್ರ ಸ್ಟೆತಸ್ಕೋಪ್ ಇಸ್ಕೊಂಡು ಮುಚ್ಚಿದ ರೆಪ್ಪೆ ಮೇಲೆ ಒತ್ತದೆ ಇಟ್ಕೊಂಡು ಕೇಳಿದೆ, ಗುಂಯ್ ಅನ್ನೋದು ಬಿಟ್ರೆ ಏನೂ ಕೇಳಿಸ್ಲಿಲ್ಲ. ಅರ್ಧ ಅದು ಫ್ಯಾನಿಂದೇ ಇರಬೇಕು.

ನನಗೆ ದಕ್ಕಿದ್ದು ವಾಲ್ಟರ್ ಮೈಲ್ಸ್ 1928ರಲ್ಲಿ ಬರೆದ ದಾರಿ, ಒಂದು ಪೈಸೆ ಖರ್ಚಿಲ್ಲ. ಓದೋ ಹಾಳೆ ಮಧ್ಯೆ ಸಣ್ಣ ತೂತು ಮಾಡಿ ಹಿಂದುಗಡೆಯಿಂದ ಓದೋರ ಕಣ್ಣು ನೋಡೋದು. ಪಾಠದ ಪುಟ ಜೆರಾಕ್ಸ್ ಮಾಡಿಸಿ ಹಳೇ ರಟ್ಟಿಗೆ ಅಂಟಿಸಿದೆ. ಮೊದಲನೇ ತೂತು ದೊಡ್ಡದಾಯ್ತು, ಮಕ್ಕಳು ಓದೋದು ಬಿಟ್ಟು ನನ್ನ ಕಣ್ಣೇ ನೋಡಿ ಕಿಸಕ್ ಅಂತ ನಗೋದು. ಆಮೇಲೆ ಎರಡು ಸಾಲಿನ ನಡುವೆ ಪೆನ್ ರೀಫಿಲ್ ದಪ್ಪಕ್ಕೆ ಮಾಡಿದೆ. ಮಗು ಮುಖಕ್ಕೆ ಬಾಗಿಲ ಬೆಳಕು ಬೀಳ್ಬೇಕು, ನಾನು ಕತ್ತಲ ಕಡೆ, ಕಣ್ಣು ತೂತಿಗೆ ಅಂಟಿಸ್ಕೊಂಡೇ ಇರಬೇಕು. ಎಣಿಸೋದೇ ದೊಡ್ಡ ಕಷ್ಟ, ಬಾಯಲ್ಲಿ ಒಂದು ಎರಡು ಅನ್ನೋಷ್ಟರಲ್ಲಿ ಮೂರು ಹಾರಿರುತ್ತೆ, ಅದಕ್ಕೆ ಬಲಗೈಲಿ ಪೆನ್ಸಿಲ್ ಹಿಡಿದು ಪ್ರತಿ ಹಾರಿಕೆಗೂ ಒಂದು ಚುಕ್ಕಿ, ಹಿಂದಕ್ಕೆ ಹಾರಿದ್ರೆ ಒಂದು ಗೀಟು. ಒಂದು ವಾರ ನನ್ನ ಚುಕ್ಕಿಗಳನ್ನ ನಾನೇ ನಂಬಲಿಲ್ಲ, ಒಬ್ಬರದ್ದೇ ಮೂರು ಮೂರು ಸಲ ಮಾಡಿದೆ.

ನಮ್ಮ ಕಡೆ ಅರ್ಧಕ್ಕರ್ಧ ಮಕ್ಕಳ ಮನೆ ಮಾತು ತೆಲುಗು, ಕನ್ನಡ ಬರೋದು ಸ್ಕೂಲಿಗೆ ಬಂದ ಮೇಲೆ. ಕ್ಲಾಸಲ್ಲಿ ಚೆನ್ನಾಗಿ ಓದೋ ಹುಡುಗಿಗೆ ಒಂದು ಸಾಲಿಗೆ ಏಳೆಂಟು ಚುಕ್ಕಿ ಬಿತ್ತು, ತಡವರಿಸೋರಿಗೆ ಹದಿನೈದು, ಹದಿನೇಳು. ಒತ್ತಕ್ಷರ ಬಂದ ಕಡೆ ಗೀಟು, "ರಾಷ್ಟ್ರ" ಅಂತ ಬಂದ್ರೆ ಎರಡು ಗೀಟು.

ಆಮೇಲೆ ಬಂದವನು ನಮ್ಮ ಕ್ಲಾಸಿನ ಗಿಳಿ. ನಿಲ್ಲಿಸಿದ್ರೆ ಗಡಗಡ ಓದ್ತಾನೆ, ಇನ್ಸ್‌ಪೆಕ್ಷನ್‌ಗೆ ಯಾರೇ ಬಂದ್ರೂ ಅವನನ್ನೇ ಎಬ್ಬಿಸ್ತಿದ್ದೆ. ಪಾಠ ಮೂರು ಓದೋ ಅಂದೆ. ಬಾಯಿ ಓಡ್ತಾ ಇದೆ, ಕಣ್ಣು ಹಾಳೆಯ ಮೇಲಿನ ಮೂಲೇಲೇ ನಿಂತಿದೆ, ಸಾಲು ಮುಗೀತು, ಎರಡನೇ ಸಾಲೂ ಮುಗೀತು, ನನ್ನ ಕಾಗದದಲ್ಲಿ ಎರಡೇ ಚುಕ್ಕಿ! ಮಧ್ಯೆ ಒಂದು ಸಲ ಗೋಡೆ ಮೇಲಿನ ಹಲ್ಲಿ ನೋಡಿ ಬಂದ, ಮಾತು ಮಾತ್ರ ನಿಲ್ಲಲಿಲ್ಲ.

ಬೇರೆ ಪುಸ್ತಕದ ಹಾಳೆ ಕೊಟ್ಟೆ, ಬಾಯಿ ಕಟ್ಟಿಹೋಯ್ತು. ಬೈಯಲಿಲ್ಲ, ಯಾರು ಹೇಳ್ಕೊಟ್ಟಿದ್ದು ಅಂದೆ. "ಅಕ್ಕ ಚದುವುತುಂದಿ ಮಿಸ್" ಅಂದ, ಗಾಬರಿಗೆ ತೆಲುಗೇ ಬಂತು. ಮನೇಲಿ ರೇಷ್ಮೆ ಹುಳ ಸಾಕ್ತಾರೆ, ಸಂಜೆ ಸೊಪ್ಪು ಹಾಕ್ತಾ ಅಕ್ಕ ಜೋರಾಗಿ ಓದ್ತಾಳೆ, ಇವನು ಕೇಳಿ ಕೇಳಿ ಬಾಯಿಪಾಠ. ಒಂದೂವರೆ ವರ್ಷ ಅವನಿಗೆ ಚಪ್ಪಾಳೆ ಹೊಡೆಸಿದ್ದು ನಾನೇ, ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪು ಇಷ್ಟು ಗಟ್ಟಿ ಇರೋ ಹುಡುಗ ದಡ್ಡನಂತೂ ಅಲ್ಲ, ಕಣ್ಣಿಗೆ ಯಾರೂ ಕೆಲಸ ಕೊಟ್ಟಿಲ್ಲ ಅಷ್ಟೇ.

ಅವನಿಗೆ ಗೊತ್ತಿರೋ ಪಾಠದ ವಾಕ್ಯಗಳನ್ನೇ ಚೀಟಿಲಿ ಬರೆದು ಹಿಂದುಮುಂದು ಮಾಡಿ ಕೊಡೋಕೆ ಶುರು ಮಾಡಿದೆ, ಪದ ಗೊತ್ತಿದೆ, ಯಾವುದು ಮೊದಲು ಬರುತ್ತೆ ಅಂತ ಗೊತ್ತಿಲ್ಲ, ನೋಡ್ದೆ ವಿಧಿಯಿಲ್ಲ. ಮೊದಲ ದಿನ ಒಂದು ಸಾಲಿಗೆ 21 ಚುಕ್ಕಿ, 6 ಗೀಟು. ಕಳೆದ ವಾರ ಹೆಚ್ಚೂಕಮ್ಮಿ ಅಷ್ಟೇ ಉದ್ದದ ಹೊಸ ಸಾಲಿಗೆ 13 ಚುಕ್ಕಿ, 2 ಗೀಟು. ಪಾಠ ಮೂರು ಮಾತ್ರ ಇವತ್ತಿಗೂ ಹಲ್ಲಿ ನೋಡ್ಕೊಂಡೇ ಹೇಳ್ತಾನೆ.