ಟೋಲ್ ನಿಂತ ಆ 24 ದಿನ

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾದವು. ಆಗ ನಾನು ಉತ್ತರ ಕರ್ನಾಟಕದ ಒಂದು ಹೆದ್ದಾರಿ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮ್ಯಾನೇಜರ್ ಆಗಿದ್ದೆ. ನಮ್ಮದು ಬಿಒಟಿ ರಸ್ತೆ. ಬ್ಯಾಂಕ್ ಸಾಲ ತಂದು ಕಟ್ಟುವುದು, ಟೋಲ್ ವಸೂಲಿ ಮಾಡಿ ಸಾಲ ತೀರಿಸುವುದು, ಅವಧಿ ಮುಗಿದ ಮೇಲೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸುವುದು. ಮರುದಿನವೇ ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಟೋಲ್ ನಿಂತಿತು. ಮೊದಲು ಹೇಳಿದ್ದು 11ರವರೆಗೆ ಮಾತ್ರ. ಆಮೇಲೆ 14, 18, 24 ಅಂತ ಮುಂದೆ ಹೋಗಿ ಕೊನೆಗೆ ಡಿಸೆಂಬರ್ 2 ಆಯಿತು.

ಒಪ್ಪಂದದ ಪ್ರಕಾರ ಹೆದ್ದಾರಿ ಪ್ರಾಧಿಕಾರಕ್ಕೆ ನೋಟಿಸ್ ಕಳಿಸಲು ಹೊರಟೆ. "ಎರಡ ದಿನಾ ಐತ್ರಿ ಸರ. ಇಷ್ಟಕ್ಕ ನೋಟಿಸ್ ಯಾಕ್ರಿ? ಸಾಹೇಬ್ರು ಬ್ಯಾಸರಾ ಮಾಡ್ಕೋತಾರ," ಅಂದರು ನಮ್ಮ ಟೋಲ್ ಪ್ಲಾಜಾ ಮ್ಯಾನೇಜರ್. ಅವರ ಸಂಕೋಚ ಸಹಜವೇ. ದಿನಾ ಮುಖ ನೋಡುವವರಿಗೆ ಕಾನೂನಿನ ಪತ್ರ ಬರೆಯುವುದು ಯಾರಿಗೂ ಇಷ್ಟವಿಲ್ಲ. ಆದರೆ ನಮ್ಮ ಒಪ್ಪಂದದ ಫೋರ್ಸ್ ಮಜೂರ್ ಅಧ್ಯಾಯ, ಅಂದರೆ ನಮ್ಮ ಕೈಮೀರಿದ ಘಟನೆಗಳ ಅಧ್ಯಾಯ, ಬಹಳ ಖಡಕ್ಕಾಗಿತ್ತು. ಘಟನೆ ಗೊತ್ತಾದ 7 ದಿನದೊಳಗೆ ತಿಳಿಸದಿದ್ದರೆ ಯಾವ ಪರಿಹಾರವೂ ಇಲ್ಲ. 9ರ ಸಂಜೆಯೇ ಪತ್ರ ಕಳಿಸಿದೆ. ಒಂದು ಪ್ರತಿ ಇಂಡಿಪೆಂಡೆಂಟ್ ಇಂಜಿನಿಯರ್‌ಗೆ (ಎರಡೂ ಕಡೆಗೆ ಸೇರದೆ ರಸ್ತೆಯ ಕೆಲಸ ಪರಿಶೀಲಿಸುವವರು), ಒಂದು ಬ್ಯಾಂಕಿಗೆ. ದಿನ ಮುಂದೆ ಹೋದಾಗಲೆಲ್ಲ ಇನ್ನೊಂದು ಪತ್ರ. ವಾರಕ್ಕೊಂದು ವರದಿ ಬೇರೆ.

ಜೋರು ಚರ್ಚೆ ನಡೆದದ್ದು ನಮ್ಮ ಆಫೀಸಿನ ಒಳಗೇ. "ದಿನಕ್ಕೆ ಇಷ್ಟು ಗಾಡಿ, ಗಾಡಿಗೆ ಇಷ್ಟು ಟೋಲ್. ಗುಣಿಸಿ ಕೇಳೋಣ," ಅಂದರು ಅಕೌಂಟ್ಸ್‌ನವರು. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ಒಪ್ಪಂದ ಹಾಗೆ ಹೇಳುವುದಿಲ್ಲ. ಕೈತಪ್ಪಿದ ಟೋಲ್ ಹಣವಾಗಿ ಬರುವುದಿಲ್ಲ. ಎಷ್ಟು ದಿನ ನಿಂತಿತೋ ಅಷ್ಟು ದಿನ ಅವಧಿಯ ಕೊನೆಗೆ ಸೇರುತ್ತದೆ. ಹಣವಾಗಿ ಕೇಳಬಹುದಾದದ್ದು ಮುಖ್ಯವಾಗಿ ಸಾಲದ ಬಡ್ಡಿ ಮತ್ತು ರಸ್ತೆ ನಿರ್ವಹಣೆಯ ಖರ್ಚು. ಸಾಲದ ಅಸಲು ಲೆಕ್ಕಕ್ಕಿಲ್ಲ. ಅದರಲ್ಲೂ ಎಷ್ಟು ಸಿಗುತ್ತದೆ ಅನ್ನುವುದು ಘಟನೆ ಯಾವ ಗುಂಪಿನದು ಅನ್ನುವುದರ ಮೇಲೆ ನಿಂತಿದೆ. ಪ್ರವಾಹ, ಭೂಕಂಪವಾದರೆ ಅವರವರ ಖರ್ಚು ಅವರವರಿಗೆ. ಗಲಭೆ, ರಾಜ್ಯವ್ಯಾಪಿ ಮುಷ್ಕರದಂಥ ಪರೋಕ್ಷ ರಾಜಕೀಯ ಘಟನೆಯಾದರೆ ವಿಮೆ ಕಳೆದು ಉಳಿದದ್ದರಲ್ಲಿ ಅರ್ಧ. ಸರ್ಕಾರದ ಕ್ರಮದಿಂದಲೇ ಆದ ನೇರ ರಾಜಕೀಯ ಘಟನೆಯಾದರೆ ಪೂರ್ತಿ.

ನಾವು ಪೂರ್ತಿಯನ್ನೇ ಕೇಳಿದೆವು. ಟೋಲ್ ವಸೂಲಿಯ ಹಕ್ಕು ಬರುವುದೇ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಮತ್ತು 2008ರ ಶುಲ್ಕ ನಿಯಮಗಳಡಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯಿಂದ. ಕೊಟ್ಟವರೇ ನಿಲ್ಲಿಸಿದ್ದಾರೆ ಅನ್ನುವುದು ನಮ್ಮ ವಾದ. ಅದು ಒಪ್ಪಿಗೆಯಾಗದಿದ್ದರೆ ಅರ್ಧವಾದರೂ ಇರಲಿ ಅಂತ ಪರ್ಯಾಯವಾಗಿಯೂ ಬರೆದೆ. ಒಂದೇ ವಾದ ಹಿಡಿದು ಕೂತರೆ ಅದು ಬಿದ್ದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆ 24 ದಿನ ಗೇಟು ತೆರೆದೇ ಇತ್ತು. ಆದರೂ ಪ್ಯಾಟ್ರೋಲ್ ಗಾಡಿ, ಆಂಬುಲೆನ್ಸ್, ಕ್ರೇನ್ ಓಡುತ್ತಲೇ ಇದ್ದವು. ಶಿಫ್ಟ್ ಹಾಜರಿ, ಡೀಸೆಲ್ ಬಿಲ್ಲು, ಜನರೇಟರ್ ಲಾಗ್ ಬುಕ್ ಎಲ್ಲ ಜೋಡಿಸಿದೆ. ಬ್ಯಾಂಕಿನಿಂದ ಅಷ್ಟೇ ದಿನಗಳ ಬಡ್ಡಿಯ ಪ್ರಮಾಣಪತ್ರ ತರಿಸಿದೆ. ಒಂದು ತಪ್ಪು ಮಾತ್ರ ನನ್ನಿಂದ ಆಯಿತು. ಮೊದಲ 4 ದಿನದ ರಿಜಿಸ್ಟರ್‌ಗೆ ಇಂಡಿಪೆಂಡೆಂಟ್ ಇಂಜಿನಿಯರ್ ಸಹಿ ಅಲ್ಲೇ ಹಾಕಿಸಲಿಲ್ಲ. ಆಮೇಲೆ ಹಾಕಿಸಿದ ಸಹಿಯನ್ನು ಪರಿಶೀಲನೆಯಲ್ಲಿ ಒಪ್ಪಲಿಲ್ಲ. ಆ 4 ದಿನದ ನಿರ್ವಹಣಾ ಖರ್ಚು ಹೋಯಿತು. ಕೆಲಸ ನಿಜವಾಗಿ ನಡೆದಿತ್ತು, ಹುಡುಗರು ರಾತ್ರಿ ಪಾಳಿ ಮಾಡಿದ್ದರು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಅವಧಿ ವಿಸ್ತರಣೆ ಬೇಗ ಸಿಕ್ಕಿತು. ಹಣಕ್ಕೆ ಓಡಾಟ ಜಾಸ್ತಿಯಾಯಿತು.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಟೋಲ್ ಮತ್ತೆ ನಿಂತಾಗ ಹಳೇ ಫೈಲು ಕೈಯಲ್ಲೇ ಇತ್ತು. ಪತ್ರ ಅದೇ ದಿನ ಹೋಯಿತು, ರಿಜಿಸ್ಟರ್‌ಗೆ ಸಹಿ ಮೊದಲ ದಿನದಿಂದಲೇ ಬಿತ್ತು. ಏಪ್ರಿಲ್ 20ಕ್ಕೆ ವಸೂಲಿ ಶುರುವಾದಾಗ ಎಲ್ಲರೂ ಮುಗಿಯಿತು ಅಂದುಕೊಂಡರು. ಆದರೆ ರಸ್ತೆಯಲ್ಲಿ ಗಾಡಿಗಳೇ ಇರಲಿಲ್ಲ. ನಮ್ಮ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ದಿನದ ವಸೂಲಿ ಸರಾಸರಿಯ ಶೇ 90ಕ್ಕಿಂತ ಕೆಳಗೆ ಬಿದ್ದರೂ ಆ ಪ್ರಮಾಣದಲ್ಲಿ ಅವಧಿ ವಿಸ್ತರಣೆ ಕೇಳಬಹುದು. ಸರಾಸರಿ ಅಂದರೆ ಹಿಂದಿನ ವರ್ಷದ ಒಟ್ಟು ಟೋಲನ್ನು 365ರಿಂದ ಭಾಗಿಸಿ, ಮೇಲೆ ಶೇ 5 ಸೇರಿಸಿದ ಮೊತ್ತ. ಹಾಗಾಗಿ ಹಿಂದಿನ ನೋಟಿಸನ್ನು ಮುಚ್ಚದೆ, ಏಪ್ರಿಲ್ 20ರ ರಾತ್ರಿಯಿಂದಲೇ ದಿನದಿನದ ವಸೂಲಿಯ ಪಟ್ಟಿ ಬರೆಯಲು ಶುರುಮಾಡಿದೆವು.