ಮೊದಲು ಪಟ್ಣ, ಆಮೇಲೆ ಮೈಸೂರು: ನೆಂಟರನ್ನು ನಡೆಸಿ ತೋರಿಸುವ ಬಗೆ

ಮೈಸೂರಿಗೆ ನೆಂಟರು ಬಂದರೆ ನಾವೆಲ್ಲ ಮಾಡುವುದು ಒಂದೇ ಕೆಲಸ. ಬೆಳಿಗ್ಗೆ ಅರಮನೆ, ಆಮೇಲೆ ಝೂ, ಸಂಜೆ ಬೃಂದಾವನ, ನಡುವೆ ಟೈಮ್ ಸಿಕ್ಕರೆ ಶ್ರೀರಂಗಪಟ್ಟಣದಲ್ಲಿ (ನಮ್ಮ ಬಾಯಲ್ಲಿ ಬರೀ ಪಟ್ಣ) ಕಾರು ನಿಲ್ಲಿಸಿ ಹತ್ತು ನಿಮಿಷ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ಸಲ ಚಿಕ್ಕಮ್ಮನ ಮನೆಯವರನ್ನೆಲ್ಲ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಒಂದೂವರೆಗೆ ಅಲ್ಲಿನ ಕೋಟೆ ಗೋಡೆ ಪಕ್ಕ ನಿಲ್ಲಿಸಿ, ಬ್ರಿಟಿಷರು ಟಿಪ್ಪುವನ್ನು ಸೋಲಿಸಿದ 1799ರ ಯುದ್ಧದ ಕಥೆ ಶುರು ಮಾಡಿದೆ. ಚಿಕ್ಕಪ್ಪ ಎರಡು ನಿಮಿಷ ಕೇಳಿ, "ಎಲ್ಲಾ ಸರಿ ಕಣಯ್ಯಾ, ನೆರಳೆಲ್ಲಿದೆ?" ಅಂದರು. ಅಲ್ಲಿಗೆ ಕಥೆ ಮುಗಿಯಿತು.

ಆಮೇಲೆ ನಾಲ್ಕೈದು ಸಲ ಬೇರೆ ಬೇರೆ ಗುಂಪು ಕರೆದುಕೊಂಡು ಹೋಗಿ ಕಲಿತದ್ದು ಇಷ್ಟು: ಮೊದಲು ಪಟ್ಣ, ಆಮೇಲೆ ಮೈಸೂರು. ಉಲ್ಟಾ ಮಾಡಬೇಡಿ. 1610ರಲ್ಲಿ ರಾಜ ಒಡೆಯರು ಪಟ್ಣ ಹಿಡಿದ ಮೇಲೆ 1799ರವರೆಗೂ ರಾಜಧಾನಿ ಅಲ್ಲೇ ಇತ್ತು. ದಸರಾ ಶುರುವಾದದ್ದೂ ಅಲ್ಲೇ. ಪಟ್ಣ ಬಿದ್ದ ಮೇಲೆ ಮೈಸೂರು ಮತ್ತೆ ಎದ್ದಿತು. ಮೊದಲು ಮೈಸೂರಿನ ಬಣ್ಣ, ಬೆಳಕು ನೋಡಿದವರಿಗೆ ಪಟ್ಣ ಬರೀ ಮುರಿದ ಗೋಡೆ. ಮೊದಲು ಪಟ್ಣ ನೋಡಿದವರು ಮೈಸೂರಲ್ಲಿ ತಾವಾಗೇ ಪ್ರಶ್ನೆ ಕೇಳುತ್ತಾರೆ.

ಕಾರು ಮನೆಯಲ್ಲೇ ಬಿಡಿ. ಮೈಸೂರಿನಿಂದ ಬೆಳಗಿನ ರೈಲು ಹಿಡಿದರೆ ಅರ್ಧ ಗಂಟೆಯೂ ಬೇಡ, ದೂರ ಹದಿನೈದು ಕಿಲೋಮೀಟರ್ ಅಷ್ಟೇ. ಸ್ಟೇಷನ್ ಇರುವುದೇ ಕೋಟೆಯೊಳಗೆ, ಇಳಿದ ಕೂಡಲೇ ನಡಿಗೆ ಶುರು. ಜನ ಹತ್ತು ಹನ್ನೆರಡಕ್ಕಿಂತ ಜಾಸ್ತಿ ಬೇಡ, ಹಿಂದಿನವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲ. ಇಳಿಯುವಾಗಲೇ ಹಳಿಯ ಬಗ್ಗೆ ಒಂದು ಮಾತು ಹೇಳಿ: ರೈಲು ದಾರಿ ಜೋಡಿ ಮಾಡಲು ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂದಿತ್ತು, ಅದನ್ನು ಒಡೆಯದೆ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರ್‌ಗಿಂತ ಆಚೆ ಕೂರಿಸಿದರು. ಇದನ್ನು ಕೇಳಿದರೆ ಮೊಬೈಲ್ ನೋಡುತ್ತಿರುವ ಹುಡುಗರೂ ತಲೆ ಎತ್ತುತ್ತಾರೆ.

ರಂಗನಾಥಸ್ವಾಮಿ ಗುಡಿಗೆ ಮೊದಲು ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಹಿರಿಯರಿಗೆ ದರ್ಶನ ಆಗಿಬಿಟ್ಟರೆ ಆಮೇಲೆ ನೀವು ಎಲ್ಲಿಗೆ ಕರೆದರೂ ಬರುತ್ತಾರೆ! ಹೊರಗೆ ಬಂದು ಎದುರಿನ ಬಯಲಿನ ಕಡೆ ನಡೆದರೆ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗ. ಈಗ ಅಡಿಪಾಯದ ಕಲ್ಲು ಬಿಟ್ಟರೆ ಏನೂ ಇಲ್ಲ. "ಅರಮನೆ ಎಲ್ಲಿ?" ಅಂತ ಕೇಳಿದರೆ ಊಟಿ ಕಡೆ ಕೈ ತೋರಿಸಿ. ಇಲ್ಲಿನ ತೊಲೆಗಳನ್ನು ಹೊತ್ತೊಯ್ದು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹಾಕಿದರು.

ಮುಂದೆ ನದಿ ಕಡೆಗೆ, ಕರ್ನಲ್ ಬೈಲಿ ಸೆರೆಮನೆ. ಇಲ್ಲಿ ಆತುರ ಮಾಡಬೇಡಿ. ಮೆಟ್ಟಿಲಿಳಿದರೆ ಕಮಾನುಗಳ ತಣ್ಣನೆ ನೆಲಮಾಳಿಗೆ. ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲು ಚಪ್ಪಡಿಗಳಿವೆ, ಅದರಲ್ಲಿ ತೂತು. ಕೈದಿಗಳ ಕೈಗೆ ಸರಪಳಿ ಹಾಕಿ ಕಟ್ಟುತ್ತಿದ್ದದ್ದು ಅದಕ್ಕೇ ಅನ್ನುತ್ತಾರೆ. ಸುಮ್ನೆ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಲ್ಲಿ, ಒಂದು ನಿಮಿಷಕ್ಕೇ ತೋಳು ನೋಯುತ್ತದೆ. ಬೈಲಿ ಬ್ರಿಟಿಷ್ ಸೇನಾಧಿಕಾರಿ. 1780ರ ಪೊಳ್ಳಿಲೂರು ಕಾಳಗದಲ್ಲಿ ಹೈದರ್, ಟಿಪ್ಪು ಪಡೆಗೆ ಸೋತು ಸೆರೆ ಸಿಕ್ಕವನು 1782ರಲ್ಲಿ ಪಟ್ಣದಲ್ಲೇ ಸತ್ತ. ಅವನ ಜೊತೆ ಸೆರೆ ಸಿಕ್ಕ ಇನ್ನೊಬ್ಬ, ಡೇವಿಡ್ ಬೇರ್ಡ್, ಬದುಕಿ ಬಿಡುಗಡೆಯಾಗಿ ಹೋದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಈ ಒಂದು ಕಥೆಯನ್ನು ಇಲ್ಲೇ, ನೆರಳಲ್ಲಿ ಹೇಳಿ. ಹೊರಗೆ ಬಂದು ನದಿ ತೋರಿಸಿ: ಮೇ ಮೊದಲ ವಾರ, ನೀರು ಕಮ್ಮಿ, ಮಳೆ ಬಂದು ಕಾವೇರಿ ತುಂಬುವ ಮೊದಲೇ ಕೆಲಸ ಮುಗಿಸುವ ಆತುರ ಬ್ರಿಟಿಷರಿಗಿತ್ತು.

ಟಿಪ್ಪುವಿನ ಶವ ಸಿಕ್ಕಿದ ಜಾಗ ಅಲ್ಲಿಂದ ಹತ್ತಿರ. ಒಂದು ಕಲ್ಲು, ಅದರ ಮೇಲೆ ಒಂದೆರಡು ಸಾಲು, ಅಷ್ಟೇ. ಒಂದು ಎಚ್ಚರಿಕೆ: ಟಿಪ್ಪು ಹೆಸರು ಬಂದ ಕೂಡಲೇ ಗುಂಪಿನಲ್ಲಿ ಎರಡು ಪಾರ್ಟಿ ಆಗುತ್ತವೆ. ಜಡ್ಜ್ ಆಗಲು ಹೋಗಬೇಡಿ. ಕಣ್ಣೆದುರು ಇರುವುದನ್ನು ತೋರಿಸಿ, ಜಗಳವನ್ನು ರೈಲಿನಲ್ಲಿ ಮುಂದುವರಿಸಲಿ.

ಮಸೀದಿಯ ಎರಡು ಮಿನಾರು ನೋಡಿ, ಎಳನೀರು ಕುಡಿದು, ದರಿಯಾ ದೌಲತ್‌ಗೆ ಆಟೋ ಹಿಡಿಯಿರಿ, ನಡೆಸಬೇಡಿ. ಅಲ್ಲಿನ ಗೋಡೆಯಲ್ಲಿ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರ ಇದೆ. ಪಲ್ಲಕ್ಕಿಯಲ್ಲಿ ಕೂತ ಬೈಲಿಯನ್ನು ಹುಡುಕಲು ಮಕ್ಕಳಿಗೆ ಹೇಳಿ. ಬೆಳಿಗ್ಗೆ ಅವನ ಸೆರೆಮನೆ ನೋಡಿ ಬಂದಿರುತ್ತಾರಲ್ಲ, ಬೇಗ ಹುಡುಕುತ್ತಾರೆ. ಗುಂಬಜ್‌ಗೂ ಅದೇ ಆಟೋದಲ್ಲಿ ಹೋಗಬಹುದು. ಹೈದರ್, ಅವನ ಹೆಂಡತಿ, ಟಿಪ್ಪು, ಮೂವರ ಸಮಾಧಿಯೂ ಅಲ್ಲಿದೆ.

ಊಟ ಮುಗಿಸಿ ಮೈಸೂರಿನಲ್ಲಿ ಮೂರು ಗಂಟೆಗೆ ನಜರ್‌ಬಾದಿನಿಂದ ಶುರು ಮಾಡಿ. ನೋಡಲು ಅಲ್ಲಿ ಏನೂ ಇಲ್ಲ, ಅಂಗಡಿ, ಮನೆ, ಟ್ರಾಫಿಕ್. ಆದರೂ ಅಲ್ಲೇ ನಿಲ್ಲಬೇಕು. ಟಿಪ್ಪು ಮೈಸೂರಿನ ಹಳೇ ಕೋಟೆ ಕೆಡವಿಸಿ, ಅದೇ ಕಲ್ಲು ತಂದು ಇಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟಿದ್ದ. ಅವನು ಸತ್ತ ಮೇಲೆ ಕಲ್ಲುಗಳು ವಾಪಸ್ ಹೋದವು. ಈಗ ನೀವು ಅರಮನೆ ಕಡೆ ನಡೆಯುವುದು ಆ ಕಲ್ಲು ಹೋದ ದಿಕ್ಕಿಗೇ.

ವರಾಹ ಗೇಟಿನಲ್ಲಿ ಟಿಕೆಟ್ ತಗೊಂಡು ಒಳಗೆ ಹೋದವರು ಅರಮನೆಗೆ ಓಡಿಬಿಡುತ್ತಾರೆ, ತಡೆಯಿರಿ. ಗೇಟಿನ ಪಕ್ಕದ ಶ್ವೇತವರಾಹಸ್ವಾಮಿ ಮೊದಲು ಪಟ್ಣದಲ್ಲಿದ್ದ ದೇವರು. ಚಿಕ್ಕದೇವರಾಜ ಒಡೆಯರು ತಮಿಳುನಾಡಿನ ಶ್ರೀಮುಷ್ಣದಿಂದ ತರಿಸಿದ ಮೂರ್ತಿ, ಪಟ್ಣದ ಗುಡಿ ಹೋದ ಮೇಲೆ ದಿವಾನ್ ಪೂರ್ಣಯ್ಯ ಇಲ್ಲಿ ಕೂರಿಸಿದರು. ದೇವರೂ ಊರು ಬದಲಿಸಿದ ಅಲ್ವಾ ಅಂತ ಚಿಕ್ಕಮ್ಮ ಕೈ ಮುಗಿದರು. ಪಶ್ಚಿಮಕ್ಕೆ ಲಕ್ಷ್ಮೀರಮಣಸ್ವಾಮಿ ಗುಡಿ. 1799ರ ಜೂನ್ 30ರಂದು ಅದರ ಹತ್ತಿರ ಚಪ್ಪರ ಹಾಕಿ, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ಕೂರಿಸಲು ಅರಮನೆಯೇ ಇರಲಿಲ್ಲ. ಇಷ್ಟು ಹೇಳಿ ಆಮೇಲೆ ಅರಮನೆಯೊಳಗೆ ಬಿಡಿ. ಅದು 1897ರ ಬೆಂಕಿಯ ನಂತರ ಕಟ್ಟಿಸಿ 1912ರಲ್ಲಿ ಮುಗಿಸಿದ್ದು, ಒಳಗೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ, ಎಲ್ಲರ ಕಣ್ಣೂ ಮೇಲೆ.

ಭಾನುವಾರ ಹೋದರೆ ಏಳು ಗಂಟೆಗೆ ದೀಪ ಹಾಕುತ್ತಾರೆ. ಅಲ್ಲಿಯವರೆಗೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂವು, ವೀಳ್ಯದೆಲೆ ನೋಡಿಕೊಂಡು ತಿರುಗಾಡಿ. ಹಿರಿಯರನ್ನು ಮಾತ್ರ ಮೊದಲೇ ಎಲ್ಲಾದರೂ ಕಾಫಿಗೆ ಕೂರಿಸಿಬಿಡಿ, ಎರಡನೇ ಸಲ ಚಿಕ್ಕಪ್ಪನವರನ್ನು ನಾನು ಹಾಗೇ ಕೂರಿಸಿದ್ದು.