ಬಾಣಂತಿಯರ ವಾರ್ಡಿನಲ್ಲಿ ಕೇಳಿ ಕಲಿತದ್ದು

ಹಾಸನದ ಕಡೆಯವಳಾದ ನಾನು ಸ್ಟಾಫ್ ನರ್ಸ್ ಆಗಿ ತುಂಗಭದ್ರೆಯ ಆಚೆಗಿನ ಒಂದು ತಾಲ್ಲೂಕು ಆಸ್ಪತ್ರೆಗೆ ಬಂದಾಗ, ಇಲ್ಲಿಯೂ ಕನ್ನಡವೇ ಇರುವುದರಿಂದ ರೋಗಿಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗದು ಎಂದುಕೊಂಡಿದ್ದೆ. ಮೊದಲ ವಾರವೇ ಒಬ್ಬ ಅಜ್ಜಿ "ಕೂಸಿಗೆ ಜಡ್ಡ ಬಂದೈತ್ರಿ" ಎಂದಾಗ, ಮಗು ಜಡವಾಗಿ ಬಿದ್ದಿದೆ ಎಂದು ತಿಳಿದು ವೈದ್ಯರನ್ನು ಕರೆತರಲು ಓಡಿದೆ. ನವಜಾತ ಶಿಶು ಮಂಕಾಗಿದ್ದರೆ ಅದು ಅಪಾಯದ ಲಕ್ಷಣ. ಇಲ್ಲಿ ಜಡ್ಡು ಎಂದರೆ ಯಾವುದೇ ಕಾಯಿಲೆ, ಮಗುವಿಗೆ ಬಂದಿದ್ದದ್ದು ನೆಗಡಿ ಎಂಬುದು ಆಮೇಲೆ ತಿಳಿಯಿತು. ಇಂಥ ಮಾತುಗಳನ್ನು ಕೆಲವು ತಿಂಗಳಲ್ಲಿ ಕಲಿತೆ. ಮನೆಮನೆಯ ಬಾಣಂತನದ ಪದ್ಧತಿಯನ್ನು ಕೇಳಿ ತಿಳಿಯಬೇಕು ಎಂಬುದನ್ನು ಕಲಿಯಲು ಮಾತ್ರ ನನ್ನಿಂದ ಒಂದು ತಪ್ಪು ನಡೆಯಬೇಕಾಯಿತು.

ಸಿಸೇರಿಯನ್ ಆಗಿ ಮೂರು ದಿನವಾಗಿದ್ದ ಒಬ್ಬ ಬಾಣಂತಿಯ ಬಳಿ ಬೆಳಿಗ್ಗೆ ತುಂಬಿಟ್ಟ ನೀರಿನ ಬಾಟಲಿ ಸಂಜೆಯಾದರೂ ಹಾಗೆಯೇ ಇತ್ತು. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಹೊಲಿಗೆಗೆ ಕೀವು ತುಂಬುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಅವಳ ಅತ್ತೆ ತಡೆದಿದ್ದರು. ನಾನು ಇಡೀ ವಾರ್ಡಿಗೆ ಕೇಳುವಂತೆ ಅವರನ್ನು ಗದರಿಸಿದೆ. ಆ ಹಿರಿಯ ಹೆಂಗಸು ಒಂದು ಮಾತನ್ನೂ ಆಡಲಿಲ್ಲ. ಮರುದಿನ ಮನೆಯವರು ಬಿಡುಗಡೆ ಕೇಳಿದರು, ವೈದ್ಯರು ಒಪ್ಪದಿದ್ದಾಗ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಎಂದು ಬರೆದುಕೊಟ್ಟು ಹೊರಟುಹೋದರು. ಏಕೆ ಇಷ್ಟು ಅವಸರ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಒಂಬತ್ತನೆಯ ದಿನ ಅವಳು ಮರಳಿದಾಗ ಹೊಲಿಗೆ ಬಿಟ್ಟುಕೊಂಡು ಕೀವಾಗಿತ್ತು, ಮೂತ್ರದ ಸೋಂಕೂ ಇತ್ತು. ಐದನೆಯ ದಿನ ಸಟವಿ ಪೂಜೆ ಇತ್ತು ಎಂಬುದನ್ನು ಆಗ ತಿಳಿದೆ. ಆ ರಾತ್ರಿ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆಯಿರುವ ಮನೆಯವರಿಗೆ, ಆ ದಿನ ಕೂಸು ಆಸ್ಪತ್ರೆಯ ಮಂಚದ ಮೇಲಿರುವುದು ಸಣ್ಣ ವಿಷಯವಾಗಿರಲಿಲ್ಲ.

ಆ ಬಾಣಂತಿಯ ಗಾಯವನ್ನು ದಿನವೂ ತೊಳೆದು ಕಟ್ಟುತ್ತಿದ್ದಾಗ, ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಈ ನೋವನ್ನು ತಪ್ಪಿಸಬಹುದಿತ್ತು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಹೆರಿಗೆಯಾದ ಮೊದಲ ದಿನವೇ ಸ್ಟೂಲ್ ಎಳೆದುಕೊಂಡು ಬಾಣಂತಿಯ ಪಕ್ಕ ಕುಳಿತು, ಅವಳಿಗೂ ಕೇಳುವಂತೆ, ಜೊತೆಗಿರುವ ಹಿರಿಯರನ್ನು ವಿಚಾರಿಸುತ್ತೇನೆ: ನಿಮ್ಮ ಮನೆಯಲ್ಲಿ ಬಾಣಂತನ ಹೇಗೆ ಮಾಡುತ್ತೀರಿ, ಏನು ಉಣ್ಣಲು ಕೊಡುತ್ತೀರಿ, ಏನು ಕೊಡುವುದಿಲ್ಲ, ಐದನೆಯ ದಿನ ಏನಾದರೂ ಮಾಡುವುದಿದೆಯೇ. ಬಂದ ಉತ್ತರವನ್ನು ನರ್ಸಿಂಗ್ ದಾಖಲೆಯಲ್ಲಿ ಎರಡು ಸಾಲಿನಲ್ಲಿ ಬರೆದು, ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಹೇಳುತ್ತೇನೆ. ಹಾಗೆ ಹೇಳದಿದ್ದರೆ ಹಗಲು ನಾನು ಒಪ್ಪಿಸಿದ್ದನ್ನು ರಾತ್ರಿ ಬಂದವರು ಅರಿಯದೆ ಕೆಡಿಸುವುದುಂಟು.

ಅಂತರ್‌ಸಾಂಸ್ಕೃತಿಕ ಶುಶ್ರೂಷೆಗೆ ತಳಹದಿ ಹಾಕಿದ ಅಮೆರಿಕದ ನರ್ಸ್ ಮೆಡಲಿನ್ ಲೈನಿಂಗರ್ ಅವರ ಸಿದ್ಧಾಂತವನ್ನು ನರ್ಸಿಂಗ್ ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದ್ದೆ. ರೋಗಿಯ ಪದ್ಧತಿಗಳಲ್ಲಿ ಕೆಲವನ್ನು ಹಾಗೆಯೇ ಉಳಿಸಬೇಕು, ಕೆಲವಕ್ಕೆ ಹೊಂದಿಕೊಂಡು ದಾರಿ ಹುಡುಕಬೇಕು, ಕೆಲವನ್ನು ರೋಗಿಯ ಜೊತೆಗೂಡಿಯೇ ಬದಲಿಸಬೇಕು ಎಂಬುದು ಅದರ ತಿರುಳು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತೀರ್ಮಾನಿಸುವುದು ಪುಸ್ತಕದಲ್ಲಿ ಕಂಡಷ್ಟು ಸುಲಭವಲ್ಲ.

ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದು, ಬೆಳ್ಳುಳ್ಳಿ ಮತ್ತು ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಅಂಟಿನ ಉಂಡೆ ಇವುಗಳಿಗೆ ನಾನು ಅಡ್ಡಿ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಉಂಡೆಯ ಬೆಲ್ಲದ ಬಗ್ಗೆ ಎಚ್ಚರಿಸುತ್ತೇನೆ. ನೀರಿನ ವಿಷಯ ಹಾಗೆ ಬಿಡುವಂಥದ್ದಲ್ಲ, ಏಕೆಂದರೆ ನೀರು ಕಡಿಮೆಯಾದರೆ ಮಲಬದ್ಧತೆಯಾಗಿ, ತಿಣುಕಿದಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ಆದರೆ ವಿಚಾರಿಸುತ್ತಾ ಹೋದಂತೆ ಹಿರಿಯರ ಭಯ ಇರುವುದು ತಣ್ಣೀರಿನ ಬಗ್ಗೆ ಎಂಬುದು ಸ್ಪಷ್ಟವಾಯಿತು. ಓಂಕಾಳು ಅಥವಾ ಜೀರಿಗೆ ಹಾಕಿ ಕುದಿಸಿದ ಬಿಸಿನೀರಿಗೆ, ತೆಳ್ಳಗಿನ ರವೆ ಗಂಜಿಗೆ ಬೇಡವೆಂದ ಅತ್ತೆಯನ್ನು ನಾನು ಇದುವರೆಗೆ ಕಂಡಿಲ್ಲ. ಪ್ರತಿ ಸಲ ಕೂಸಿಗೆ ಹಾಲೂಡಿಸಿದ ಮೇಲೆ ಒಂದು ಲೋಟ ಕೊಡಿ ಎಂದು ಆ ಹೊಣೆಯನ್ನು ಅವರಿಗೇ ಒಪ್ಪಿಸುತ್ತೇನೆ. ಹೆರಿಗೆಯ ನಂತರ 180 ದಿನ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಯ ವಿಷಯವೂ ಹೀಗೆಯೇ. ಮಲ ಕಪ್ಪಾಗುವುದನ್ನು ಕಂಡು ಮಾತ್ರೆ ಉಷ್ಣವೆಂದು ನಿಲ್ಲಿಸುವವರಿದ್ದಾರೆ, ಆದ್ದರಿಂದ ಅದು ಕಪ್ಪಾಗುವುದು ಸಹಜ, ಚಹಾದ ಜೊತೆ ಮಾತ್ರೆ ಬೇಡ ಎಂದು ಮೊದಲೇ ತಿಳಿಸುತ್ತೇನೆ.

ಸಟವಿ ಪೂಜೆಗೆ ದಾರಿ ತೋರಿಸಿದವರು ಇನ್ನೊಬ್ಬ ಬಾಣಂತಿಯ ಅಜ್ಜಿ. ಆಮ್ಲಜನಕದ ಕೊಳವೆಯಿರುವ ವಾರ್ಡಿನಲ್ಲಿ ದೀಪ ಹಚ್ಚುವಂತಿಲ್ಲ ಎಂದು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ದೀಪಾ ಮನ್ಯಾಗ ಹಚ್ಚತೀವ್ರಿ, ಹಾಳಿ ಪೆನ್ನು ಕೂಸಿನ ಬಾಜೂಕ ಇಡತೀನಿ, ತಾಯಿ ಎಲ್ಲಿದ್ರೂ ಬರತಾಳ" ಎಂದರು. ಆ ರಾತ್ರಿ ನಾನೇ ಬಿಳಿ ಹಾಳೆಯನ್ನೂ ಪೆನ್ನನ್ನೂ ಕೊಟ್ಟೆ. ಬಾಣಂತಿ ವೈದ್ಯರು ಹೇಳಿದ ದಿನದವರೆಗೂ ಉಳಿದು, ಹೊಲಿಗೆ ಮಾದ ಮೇಲೆ ಮನೆಗೆ ಹೋದಳು. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಆ ರಾತ್ರಿಯಷ್ಟು ಸಮಾಧಾನ ತಂದ ರಾತ್ರಿ ಬೇರೆಯಿಲ್ಲ.

ಮೊದಲ ಹಾಲು ಹೊಲಸೆಂದು ಹಿಂಡಿ ಚೆಲ್ಲುವವರಿಗೆ ನಾನು ಪಾಠ ಹೇಳುವುದನ್ನು ಬಿಟ್ಟಿದ್ದೇನೆ. ನಿಮ್ಮ ಎಮ್ಮೆ ಈದಾಗ ಗಿಣ್ಣು ಹಾಲನ್ನು ಕರುವಿಗೆ ಬಿಡುತ್ತೀರಾ ಎಂದು ಕೇಳುತ್ತೇನೆ. ಬಿಡದಿದ್ದರೆ ಕರು ನಿಲ್ಲುವುದಿಲ್ಲ ಎಂದು ಅವರೇ ನನಗೆ ತಿಳಿಸಿ ಹೇಳುತ್ತಾರೆ, ಆಮೇಲೆ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಲು ನೆರವಾಗುವವರೂ ಅವರೇ.

ಒಪ್ಪಲಾಗದ ಸಂಗತಿಗಳೂ ಇವೆ. ಹೊಕ್ಕುಳಿಗೆ ಸಗಣಿಯನ್ನೋ ಬೂದಿಯನ್ನೋ ಹಚ್ಚುವುದು, ಎಳೆ ಕೂಸಿಗೆ ಔಡಲ ಎಣ್ಣೆ ಕುಡಿಸುವುದು, ಹೊಟ್ಟೆ ಉಬ್ಬಿದೆಯೆಂದು ಬರೆ ಎಳೆಯುವುದು ಇವುಗಳ ಬಗ್ಗೆ ಹೊಂದಾಣಿಕೆಯ ಮಾತೇ ಇಲ್ಲ. ಹೊಟ್ಟೆಯ ಮೇಲೆ ನಾಲ್ಕು ಸುಟ್ಟ ಗಾಯಗಳಿದ್ದ ಹನ್ನೆರಡು ದಿನದ ಕೂಸನ್ನು ಎತ್ತಿಕೊಂಡಾಗ ನನ್ನ ಕೈ ನಡುಗಿತ್ತು. ಆಗಲೂ ಏಕೆ ಸುಟ್ಟಿರಿ ಎಂದು ಗದರಿಸದೆ, ಕೂಸಿಗೆ ಏನಾಗಿತ್ತು ಎಂದು ಕೇಳಿದೆ. ರಾತ್ರಿಯಿಡೀ ಅಳುತ್ತಿದ್ದ ಕೂಸಿನ ಸಂಕಟ ನೋಡಲಾರದೆ ಮಾಡಿದ ಕೆಲಸ ಅದು ಎಂದು ತಿಳಿದಾಗ, ಹಾಲೂಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವುದನ್ನು ತೋರಿಸಿಕೊಟ್ಟೆ. ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಅಂಗೈ ಅಂಗಾಲಿನವರೆಗೂ ಹಳದಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ತರಬೇಕೆಂಬುದನ್ನು ಅವರಿಂದಲೇ ಹೇಳಿಸಿದೆ.

ಹೀಗೆ ಹಿರಿಯರ ಮಾತಿಗೆ ಬೆಲೆ ಕೊಡುತ್ತಾ ಹೋದಂತೆ ನನಗೆ ಇನ್ನೊಂದು ಆತಂಕ ಹುಟ್ಟಿತು. ಮನೆಯ ಪದ್ಧತಿಯನ್ನು ಗೌರವಿಸುವ ಭರದಲ್ಲಿ, ಮಂಚದ ಮೇಲಿರುವ ಹುಡುಗಿಯ ಮಾತು ಕೇಳದೆ ಹೋಗುವ ಅಪಾಯವಿದೆ. ನನ್ನ ರೋಗಿ ಅವಳು, ಅವಳ ಅತ್ತೆಯಲ್ಲ. ಗರ್ಭನಿರೋಧಕದ ವಿಷಯದಲ್ಲಂತೂ ಇದು ಬಹಳ ಮುಖ್ಯ. ಗರ್ಭಕೋಶದೊಳಗೆ ಇಡುವ ವಂಕಿಯನ್ನು (ಕಾಪರ್-ಟಿ) ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ ಆರು ವಾರಗಳ ನಂತರ ಹಾಕಬಹುದು, ಅದಕ್ಕೆ ಬೇಕಾದ ಒಪ್ಪಿಗೆ ಅವಳದೇ ಆಗಿರಬೇಕು. ಆದ್ದರಿಂದ ಹೊಲಿಗೆ ನೋಡುವ ಹೊತ್ತನ್ನು ಅವಳಿಗಾಗಿಯೇ ಮೀಸಲಿಟ್ಟಿದ್ದೇನೆ. ಆಗ ಎಲ್ಲರನ್ನೂ ಹೊರಗೆ ಕಳಿಸಿ ಪರದೆ ಎಳೆಯುವುದು ಯಾರಿಗೂ ವಿಶೇಷವೆನಿಸುವುದಿಲ್ಲ. ಬುರ್ಖಾ ತೆಗೆಯಲು ಸಂಕೋಚಪಡುವ ತಾಯಂದಿರೂ ಆ ಪರದೆಯೊಳಗೆ ನಿರಾಳವಾಗಿ ಮಾತನಾಡುತ್ತಾರೆ.

ಎರಡನೆಯದೂ ಹೆಣ್ಣು ಹೆತ್ತಿದ್ದ ಒಬ್ಬ ಬಾಣಂತಿ, ಅತ್ತೆಯ ಎದುರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದವಳು, ಪರದೆಯೊಳಗೆ ನನ್ನ ಕೈ ಹಿಡಿದುಕೊಂಡು, "ಮೂರು ವರ್ಷ ಬ್ಯಾಡ್ರಿ ಸಿಸ್ಟರ್, ನನ್ನ ಕೈಲೆ ಆಗಂಗಿಲ್ಲ" ಎಂದಳು. ಇರುವ ವಿಧಾನಗಳನ್ನೆಲ್ಲ ವಿವರಿಸಿದ ಮೇಲೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದನ್ನು ಅವಳು ಆರಿಸಿಕೊಂಡಳು. ಹಾಲೂಡಿಸುವ ತಾಯಿಗೆ ಅದನ್ನು ಆರು ವಾರಗಳ ನಂತರ ಕೊಡುವುದರಿಂದ, ಚೀಟಿಯ ಮೇಲೆ ಆ ದಿನಾಂಕವನ್ನಷ್ಟೇ ಬರೆದು ಕೊಟ್ಟೆ. ಆರು ವಾರ ಕಳೆದ ಮೇಲೆ ಅತ್ತೆ ಸೊಸೆ ಇಬ್ಬರೂ ಬಂದರು. ಲಸಿಕೆ ಹಾಕಿಸಿಕೊಂಡು ಅಳುತ್ತಿದ್ದ ಕೂಸನ್ನು ಅಜ್ಜಿ ಹೊರಗಿನ ಬೆಂಚಿನ ಮೇಲೆ ರಮಿಸುತ್ತಾ ಕುಳಿತರು. ನಾನು ಸೊಸೆಯನ್ನು ಒಳಗೆ ಕರೆದು ಪರದೆ ಎಳೆದೆ, ಅವಳ ಮನಸ್ಸು ಈಗಲೂ ಅದೇ ಇದೆಯೇ ಎಂದು ಇನ್ನೊಮ್ಮೆ ಕೇಳಿದೆ.